ಫಾರ್ಮುಲಾ ಎಲ್ಲ ಗೊತ್ತು, ಆದರೂ ಅಂಕ ಯಾಕೆ ಬರಲಿಲ್ಲ?

ಪ್ರಶ್ನೆ: ವಾಣಿಜ್ಯ ಪದವಿ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಎಕ್ಸೆಲ್, ವರ್ಡ್, ಪವರ್‌ಪಾಯಿಂಟ್ ಮೂರೂ ಚೆನ್ನಾಗಿ ಬರುತ್ತವೆ. ಪಿವೋಟ್ ಟೇಬಲ್, ವಿಲುಕಪ್, ಮೇಲ್ ಮರ್ಜ್ ಎಲ್ಲ ಗೊತ್ತು. ಈಚೆಗೆ ಕಾಲೇಜುಗಳ ನಡುವಿನ ಆಫೀಸ್ ಸಾಫ್ಟ್‌ವೇರ್ ಸ್ಪರ್ಧೆಗೆ ಹೋಗಿದ್ದೆ. ಎಲ್ಲ ಪ್ರಶ್ನೆ ಮುಗಿಸಿಯೇ ಹೊರಗೆ ಬಂದೆ. ಆದರೂ ಮೊದಲ ಹತ್ತರಲ್ಲಿ ನನ್ನ ಹೆಸರಿಲ್ಲ. ನನ್ನ ಹತ್ತಿರವೇ ಪಿವೋಟ್ ಟೇಬಲ್ ಕಲಿತ ಗೆಳತಿಗೆ ಮೂರನೇ ಸ್ಥಾನ! ತೀರ್ಪುಗಾರರು ನಿಜಕ್ಕೂ ಏನು ನೋಡುತ್ತಾರೆ? ಹೇಗೆ ತಯಾರಾಗಬೇಕು? ಈ ಥರದ ಬೇರೆ ಸ್ಪರ್ಧೆಗಳು ಯಾವುವು? ಈಗ ಎಐ ಎಲ್ಲ ಮಾಡಿಕೊಡುತ್ತದೆ, ಇದಕ್ಕೆ ಸಮಯ ಹಾಕುವುದು ಸರಿಯೇ?

ಉತ್ತರ: ನಿಮ್ಮ ಗೆಳತಿ ನಿಮಗಿಂತ ಕಮ್ಮಿ ಕಲಿತಿರಬಹುದು. ಆದರೆ ಕೇಳಿದ್ದನ್ನು ಕೇಳಿದ ಹಾಗೇ ಕೊಟ್ಟು ಬಂದಿರುತ್ತಾರೆ. ಇಂಥ ಸ್ಪರ್ಧೆಗಳಲ್ಲಿ ತೀರ್ಪುಗಾರನಾಗಿ ಕೂತು ಫೈಲು ತೆರೆದು ತೆರೆದು ನನಗೆ ಒಂದು ಮಾತು ಖಾತ್ರಿಯಾಗಿದೆ. ಸೋತವರಲ್ಲಿ ಹೆಚ್ಚಿನವರಿಗೆ ಸಾಫ್ಟ್‌ವೇರ್ ಗೊತ್ತೇ ಇರುತ್ತದೆ. ಅವರು ಕಳೆದುಕೊಳ್ಳುವ ಅಂಕವೆಲ್ಲ ಪ್ರಶ್ನೆಯನ್ನು ಅರ್ಧ ಓದಿದ್ದಕ್ಕೆ, ಕೊಟ್ಟ ಡೇಟಾವನ್ನು ಕಣ್ಣುಮುಚ್ಚಿ ನಂಬಿದ್ದಕ್ಕೆ, ಮತ್ತು ಒಂದು ನಂಬರ್ ಬದಲಾದರೆ ಕುಸಿದು ಬೀಳುವ ಫೈಲು ಕೊಟ್ಟಿದ್ದಕ್ಕೆ. "ಎಲ್ಲ ಪ್ರಶ್ನೆ ಮುಗಿಸಿಯೇ ಬಂದೆ" ಅಂತ ಬರೆದಿದ್ದೀರಲ್ಲ, ನನಗೆ ಅನುಮಾನ ಬಂದಿದ್ದೇ ಅಲ್ಲಿ. ಮುಗಿಸಿದ ಮೇಲೆ ತಿರುಗಿ ನೋಡಲು ಸಮಯ ಉಳಿದಿತ್ತೇ?

ಮೊದಲು ಸ್ಪರ್ಧೆಗಳ ಬಗ್ಗೆ ಹೇಳಿಬಿಡುತ್ತೇನೆ. ಎಲ್ಲವೂ ಒಂದೇ ಥರ ಇರುವುದಿಲ್ಲ. ಯಾವುದಕ್ಕೆ ಹೋಗುತ್ತೀರಿ ಅನ್ನುವುದರ ಮೇಲೆ ತಯಾರಿಯೂ ಬದಲಾಗುತ್ತದೆ.

ವಿದ್ಯಾರ್ಥಿಗಳ ಮಟ್ಟದಲ್ಲಿ ತುಂಬ ಹೆಸರು ಮಾಡಿರುವುದು ಮೈಕ್ರೋಸಾಫ್ಟ್ ಆಫೀಸ್ ಸ್ಪೆಷಲಿಸ್ಟ್ ವಿಶ್ವ ಚಾಂಪಿಯನ್‌ಶಿಪ್. ಸರ್ಟಿಪೋರ್ಟ್ ಸಂಸ್ಥೆ ಇದನ್ನು 2002ರಲ್ಲಿ ಶುರು ಮಾಡಿತು. 13ರಿಂದ 22 ವರ್ಷದ ವಿದ್ಯಾರ್ಥಿಗಳಿಗೆ ಪ್ರವೇಶ. ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್ ಮೂರಕ್ಕೂ ಬೇರೆ ಬೇರೆ ಸ್ಪರ್ಧೆ. ಇದರ ಬಾಗಿಲು ಅಂದರೆ ಆ ಹೆಸರಿನ ಸರ್ಟಿಫಿಕೇಟ್ ಪರೀಕ್ಷೆ. ಅದು 50 ನಿಮಿಷದ್ದು, 1000ಕ್ಕೆ 700 ಬಂದರೆ ಪಾಸ್. ಆದರೆ ಸ್ಪರ್ಧೆಯ ಲೆಕ್ಕದಲ್ಲಿ 700 ಯಾವ ಮೂಲೆಗೂ ಸಾಲದು. ಅಲ್ಲಿ ಎಲ್ಲರೂ 1000ದ ಹತ್ತಿರವೇ ಇರುತ್ತಾರೆ, ಹಾಗಾಗಿ ಯಾರು ಬೇಗ ಮುಗಿಸಿದರು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇಲ್ಲಿ ಅಂಕ ಹಾಕುವುದು ಯಂತ್ರ. ಶೀಟಿಗೆ ಇಂಥ ಹೆಸರು ಕೊಡು ಅಂದರೆ ಆ ಹೆಸರೇ ಇರಬೇಕು, ಒಂದಕ್ಷರ ಆಚೀಚೆ ಆಗುವಂತಿಲ್ಲ. ಚೆಂದ ಕಾಣಲಿ ಅಂತ ಸುಮ್ನೆ ಒಂದು ಕಾಲಂ ಸೇರಿಸಿದರೆ ಮುಂದಿನ ಉತ್ತರ ಬೇರೆ ಸೆಲ್‌ನಲ್ಲಿ ಕೂರುತ್ತದೆ, ಯಂತ್ರ ಅದನ್ನು ತಪ್ಪು ಅನ್ನುತ್ತದೆ. ಯಂತ್ರಕ್ಕೆ ನಿಮ್ಮ ಸೌಂದರ್ಯಪ್ರಜ್ಞೆ ಬೇಕಾಗಿಲ್ಲ.

ಎರಡನೇ ಥರದ್ದು ಅಮೆರಿಕದ ವಿದ್ಯಾರ್ಥಿ ಸಂಘಟನೆಗಳು ನಡೆಸುವಂಥವು. ಫ್ಯೂಚರ್ ಬಿಸಿನೆಸ್ ಲೀಡರ್ಸ್ ಆಫ್ ಅಮೆರಿಕದ ಕಲ್ಪನೆ ಬಂದಿದ್ದು 1937ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಹ್ಯಾಮ್ಡೆನ್ ಫೋರ್ಕ್ನರ್ ಅವರಿಂದ. ಮೊದಲ ಶಾಲಾ ಶಾಖೆ ತೆರೆದದ್ದು 1942ರಲ್ಲಿ. ಬಿಸಿನೆಸ್ ಪ್ರೊಫೆಷನಲ್ಸ್ ಆಫ್ ಅಮೆರಿಕ 1966ರಲ್ಲಿ ಹುಟ್ಟಿತು. ಆಗ ಅದರ ಹೆಸರಿನಲ್ಲೇ 'ಆಫೀಸ್ ಎಜುಕೇಷನ್' ಅಂತ ಇತ್ತು, ಅಂದರೆ ಕಚೇರಿ ಕೆಲಸದ ಶಿಕ್ಷಣ. ಇಲ್ಲಿ ಸ್ಪರ್ಧಿಯನ್ನು ಒಂದು ಕಂಪನಿಯ ನೌಕರನ ಜಾಗದಲ್ಲಿ ಕೂರಿಸುತ್ತಾರೆ. ಮ್ಯಾನೇಜರ್ ಬರೆದ ಟಿಪ್ಪಣಿ, ಹಿಂದಿನ ತಿಂಗಳ ಪತ್ರ, ಒಂದು ಡೇಟಾ ಫೈಲು ಕೊಟ್ಟು ಕೆಲಸ ಮಾಡಿ ಅನ್ನುತ್ತಾರೆ. ಅಂಕ ಹಾಕುವವರು ಮನುಷ್ಯರು. ನೀವು ಬರೆದಿದ್ದನ್ನು ನೋಡಿದರೆ ನಿಮ್ಮದೂ ಬಹುಶಃ ಇದೇ ಜಾತಿಯ ಸ್ಪರ್ಧೆ. ಈ ಸಂಘಟನೆಗಳ ಸದಸ್ಯರಾಗಲು ಎಲ್ಲರಿಗೂ ಆಗುವುದಿಲ್ಲ. ಆದರೆ ಅವರ ಹಳೆಯ ಮಾದರಿ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಸಾಮಗ್ರಿ ನಾನು ಕಂಡಿಲ್ಲ.

ಮೂರನೆಯದು ಈಗಿನ ಜ್ವರ: ಎಕ್ಸೆಲ್ ಅನ್ನು ಆಟದ ಮಾದರಿಯಲ್ಲಿ ಆಡುವುದು. ಮೈಕ್ರೋಸಾಫ್ಟ್ ಎಕ್ಸೆಲ್ ವಿಶ್ವ ಚಾಂಪಿಯನ್‌ಶಿಪ್‌ನ ಕೊನೆಯ ಸುತ್ತು ಲಾಸ್ ವೇಗಸ್‌ನಲ್ಲಿ ಪ್ರೇಕ್ಷಕರ ಮುಂದೆ ನಡೆಯುತ್ತದೆ. ನಿಗದಿತ ನಿಮಿಷಕ್ಕೊಮ್ಮೆ ಕೊನೆಯ ಸ್ಥಾನದಲ್ಲಿರುವವರು ಹೊರಗೆ. ಆಸ್ಟ್ರೇಲಿಯಾದ ಆಂಡ್ರ್ಯೂ ಎನ್ಗೈ 2021ರಿಂದ 2023ರವರೆಗೆ ಮೂರೂ ವರ್ಷ ಗೆದ್ದರು. ಅವರ ವೃತ್ತಿ ವಿಮಾ ಗಣಿತ. ವಿದ್ಯಾರ್ಥಿಗಳಿಗಾಗಿಯೇ ಮೈಕ್ರೋಸಾಫ್ಟ್ ಎಕ್ಸೆಲ್ ಕಾಲೇಜಿಯೇಟ್ ಚಾಲೆಂಜ್ ಅಂತ ಬೇರೆ ಇದೆ. ಇಲ್ಲಿ ಫೈಲು ಅಚ್ಚುಕಟ್ಟಾಗಿದೆಯೇ ಅಂತ ಯಾರೂ ನೋಡುವುದಿಲ್ಲ. ಉತ್ತರದ ಸೆಲ್‌ನಲ್ಲಿ ಸರಿಯಾದ ಸಂಖ್ಯೆ ಬಂದರೆ ಆಯಿತು. ಒಗಟು ಬಿಡಿಸುವ ಬುದ್ಧಿ ಇದ್ದವರಿಗೆ ಹಬ್ಬ. ಆದರೆ ಒಂದು ಎಚ್ಚರಿಕೆ: ಇಲ್ಲಿ ರೂಢಿಯಾದ ಅವಸರದ ಕೆಲಸವನ್ನು ಎರಡನೇ ಥರದ ಸ್ಪರ್ಧೆಗೆ ತೆಗೆದುಕೊಂಡು ಹೋದರೆ ನೇರ ನಷ್ಟ.

ಇನ್ನೊಂದು ಹಳೆಯ ಮನೆತನ ಇಂಟರ್‌ಸ್ಟೆನೋ. 1887ರಲ್ಲಿ ಲಂಡನ್ನಿನಲ್ಲಿ ಶೀಘ್ರಲಿಪಿಯವರು ಸೇರಿ ನಡೆಸಿದ ಸಮ್ಮೇಳನದಿಂದ ಇದರ ಚರಿತ್ರೆ ಶುರು. ಈಗ ಇವರ ಸ್ಪರ್ಧೆಗಳಲ್ಲಿ ಟೈಪಿಂಗ್, ಪಠ್ಯ ತಿದ್ದುವುದು, ವರ್ಡ್ ಪ್ರಾಸೆಸಿಂಗ್ ಎಲ್ಲ ಇವೆ. ವೇಗದ ಜೊತೆಗೆ ತಪ್ಪಿಗೂ ದಂಡ ಹಾಕುತ್ತಾರೆ. ಉದ್ಯೋಗ ಕೌಶಲಗಳ ಜಾಗತಿಕ ಸ್ಪರ್ಧೆಯಾದ ವರ್ಲ್ಡ್‌ಸ್ಕಿಲ್ಸ್‌ನಲ್ಲಿ 'ಐಟಿ ಸಾಫ್ಟ್‌ವೇರ್ ಸೊಲ್ಯೂಷನ್ಸ್ ಫಾರ್ ಬಿಸಿನೆಸ್' ಅನ್ನುವ ವಿಭಾಗದ ಹೆಸರು ನೀವು ಕಂಡಿರಬಹುದು. ಹೆಸರು ನೋಡಿ ಅದಕ್ಕೆ ನುಗ್ಗಬೇಡಿ. ಅಲ್ಲಿ ಕೋಡ್ ಬರೆದು, ಡೇಟಾಬೇಸ್ ಕಟ್ಟಿ ಸಾಫ್ಟ್‌ವೇರನ್ನೇ ತಯಾರಿಸಬೇಕು. ಆದರೆ ವರ್ಲ್ಡ್‌ಸ್ಕಿಲ್ಸ್ ಅಂಕ ಹಾಕುವ ಕ್ರಮವನ್ನು ತಿಳಿದುಕೊಂಡರೆ ಲಾಭವಿದೆ. ಅಳೆದು ಹೇಳಬಹುದಾದ್ದಕ್ಕೆ ಹೌದು-ಇಲ್ಲ ಅನ್ನುವಂಥ ಅಂಕ, ಅಳೆಯಲಾಗದ್ದಕ್ಕೆ 0ಯಿಂದ 3ರ ಅಳತೆಯಲ್ಲಿ ತೀರ್ಪುಗಾರರ ಅಭಿಪ್ರಾಯ. ಮನುಷ್ಯರು ಅಂಕ ಹಾಕುವ ಕಡೆಯೆಲ್ಲ ಹೆಚ್ಚುಕಮ್ಮಿ ಇದೇ ಎರಡು ಪಾಲು ಇರುತ್ತವೆ. ಅಳೆಯುವ ಪಾಲೇ ಜಾಸ್ತಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ತೀರ್ಪುಗಾರ ಫೈಲು ತೆರೆದ ಮೇಲೆ ಏನು ಮಾಡುತ್ತಾನೆ? ನಾನು ಮಾಡುವುದನ್ನೇ ಹೇಳುತ್ತೇನೆ. ಒಂದು ಪ್ರಶ್ನೆ ತೆಗೆದುಕೊಳ್ಳೋಣ.

ಕಂಪನಿಯೊಂದರ ಮಾರಾಟಗಾರರಿಗೆ ಕಮಿಷನ್ ಲೆಕ್ಕ ಹಾಕಬೇಕು. ಒಂದು ಶೀಟಿನಲ್ಲಿ ಆರ್ಡರ್‌ಗಳಿವೆ: ದಿನಾಂಕ, ಮಾರಾಟಗಾರರ ಕೋಡ್, ಮೊತ್ತ. ಇನ್ನೊಂದರಲ್ಲಿ ಕೋಡ್ ಮತ್ತು ಹೆಸರು. ಮ್ಯಾನೇಜರ್ ಟಿಪ್ಪಣಿ ಹೀಗಿದೆ: "ತಿಂಗಳ ಒಟ್ಟು ಮಾರಾಟ 50,000ಕ್ಕಿಂತ ಕಡಿಮೆ ಇದ್ದರೆ 2%, 50,000 ಅಥವಾ ಅದಕ್ಕಿಂತ ಹೆಚ್ಚಿದ್ದರೆ 3%, 1,00,000 ದಾಟಿದರೆ 5%. ಕಮಿಷನ್ ಇಡೀ ಮೊತ್ತಕ್ಕೆ. ಮುಂದಿನ ತಿಂಗಳು ಮಧ್ಯದ ದರ ಬದಲಾಗಬಹುದು."

ಸಲೀಸಾಗಿ ಕಾಣುತ್ತದೆ ಅಲ್ವಾ? ಇದರಲ್ಲಿ ಎಡವಿ ಬೀಳಲು ಎರಡು ಗುಂಡಿಗಳಿವೆ. ಪ್ರಶ್ನೆ ತಯಾರಿಸಿದವರು ಒಬ್ಬ ಮಾರಾಟಗಾರನ ಒಟ್ಟು ಮೊತ್ತ ಸರಿಯಾಗಿ 50,000 ಬರುವ ಹಾಗೆ, ಇನ್ನೊಬ್ಬರದು ಸರಿಯಾಗಿ 1,00,000 ಬರುವ ಹಾಗೆ ಡೇಟಾ ಕೂರಿಸಿರುತ್ತಾರೆ. ಮೊದಲನೆಯವರಿಗೆ 3%, ಅಂದರೆ 1,500. ಎರಡನೆಯವರಿಗೂ 3% ಮಾತ್ರ, ಅಂದರೆ 3,000. ಯಾಕೆಂದರೆ ಟಿಪ್ಪಣಿಯಲ್ಲಿ 'ದಾಟಿದರೆ' ಅಂತ ಇದೆ. ದರದ ಪಟ್ಟಿ ಮಾಡಿ, ಅದರಲ್ಲಿ ಹುಡುಕಿ ಪಕ್ಕದ ಬೆಲೆ ತರುವ ವಿಲುಕಪ್ ಅನ್ನು ಅಂದಾಜು ಹೊಂದಾಣಿಕೆಯಲ್ಲಿ (ಅಷ್ಟೇ ಮೊತ್ತ ಪಟ್ಟಿಯಲ್ಲಿ ಇಲ್ಲದಿದ್ದರೆ ಅದಕ್ಕಿಂತ ಕೆಳಗಿನ ಮೆಟ್ಟಿಲನ್ನು ಹಿಡಿಯುವ ಹಾಗೆ) ಹಾಕಿದವರಿಗೆ 1,00,000ಕ್ಕೂ 5% ಸಿಕ್ಕಿ 5,000 ಬರುತ್ತದೆ. ಫಾರ್ಮುಲಾ ಚೆನ್ನಾಗಿಯೇ ಇದೆ, ಉತ್ತರ ತಪ್ಪು. ಮೊತ್ತಗಳು ಎರಡು ದಶಾಂಶದವರೆಗೆ ಮಾತ್ರ ಇದ್ದರೆ ಪಟ್ಟಿಯ ಕೊನೆಯ ಮೆಟ್ಟಿಲನ್ನು 1,00,000.01 ಅಂತ ಬರೆದರೆ ಸಾಕು. ಅಥವಾ ಷರತ್ತು ನೋಡಿ ಉತ್ತರ ಕೊಡುವ ಇಫ್ ಫಂಕ್ಷನ್ ಬಳಸಿ. ಯಾವ ದಾರಿ ಹಿಡಿದಿರಿ ಅನ್ನುವುದು ನನಗೆ ಮುಖ್ಯವಲ್ಲ. ನನ್ನ ಕಣ್ಣು ಮೊದಲು ಹೋಗುವುದು ಆ ಎರಡು ಸಾಲುಗಳಿಗೆ.

ಆಮೇಲೆ ನಾನು ದರದ ಸೆಲ್‌ಗೆ ಹೋಗಿ 3% ಇದ್ದದ್ದನ್ನು 3.5% ಮಾಡುತ್ತೇನೆ. 50,000 ಮಾರಿದವರ ಕಮಿಷನ್ 1,750 ಆಗಬೇಕು. ಕೆಳಗಿನ ಒಟ್ಟು ಮೊತ್ತ, ಪಕ್ಕದ ಚಾರ್ಟು, ವರದಿಯ ಶೀಟು ಎಲ್ಲ ಅದರ ಜೊತೆಗೇ ಬದಲಾಗಬೇಕು. ಎಷ್ಟೋ ಫೈಲುಗಳಲ್ಲಿ ಬದಲಾಯಿಸಲು ದರದ ಸೆಲ್ಲೇ ಇರುವುದಿಲ್ಲ! 0.03 ಅನ್ನುವುದು ಫಾರ್ಮುಲಾದ ಹೊಟ್ಟೆಯೊಳಗೆ ಕೂತಿರುತ್ತದೆ. "ಮುಂದಿನ ತಿಂಗಳು ದರ ಬದಲಾಗಬಹುದು" ಅನ್ನುವ ಸಾಲು ಸುಮ್ಮನೆ ಬಂದದ್ದಲ್ಲ, ದರಗಳಿಗೆ ಬೇರೆ ಜಾಗ ಕೊಡಿ ಅಂತಲೇ ಅದರ ಅರ್ಥ. ಟಿಪ್ಪಣಿಯಲ್ಲಿ ಬರುವ ಇಂಥ ಕೊಸರು ಮಾತುಗಳಿಗೆ ಸಾಮಾನ್ಯವಾಗಿ ಅಂಕ ಅಂಟಿಕೊಂಡಿರುತ್ತದೆ.

ಮೂರನೆಯದಾಗಿ ತಾಳೆ. ಆರ್ಡರ್ ಶೀಟಿನ ಒಟ್ಟು ಮೊತ್ತ, ಮಾರಾಟಗಾರರ ಪಟ್ಟಿಯ ಒಟ್ಟು ಮೊತ್ತ, ಎರಡರ ವ್ಯತ್ಯಾಸ ಸೊನ್ನೆ ಅಂತ ತೋರಿಸುವ ಒಂದು ಸೆಲ್. ಯಾರೂ ಕೇಳದಿದ್ದರೂ ಇದನ್ನು ಇಟ್ಟವರ ಫೈಲು ನೋಡುವಾಗ ತೀರ್ಪುಗಾರನಿಗೆ ನೆಮ್ಮದಿ. ಅಂಕಕ್ಕಿಂತ ಹೆಚ್ಚಾಗಿ ಅದು ನಿಮಗೇ ಬೇಕು. ಯಾಕೆಂದರೆ ಸೊನ್ನೆ ಬರದಿದ್ದರೆ ಎಲ್ಲೋ ಒಂದು ಕೋಡ್ ತಪ್ಪಿಸಿಕೊಂಡಿದೆ ಅಂತ ಆಗಲೇ ಗೊತ್ತಾಗುತ್ತದೆ. (ಯಂತ್ರ ಅಂಕ ಹಾಕುವ ಸ್ಪರ್ಧೆಯಲ್ಲಿ ಮಾತ್ರ ಇದನ್ನು ಇಟ್ಟು ನೋಡಿ, ಆಮೇಲೆ ಅಳಿಸಿಬಿಡಿ.)

ಕೋಡ್ ಯಾಕೆ ತಪ್ಪಿಸಿಕೊಳ್ಳುತ್ತದೆ? ಕೊಟ್ಟ ಡೇಟಾ ಕೊಳಕಾಗಿರುತ್ತದೆ, ಬೇಕೆಂದೇ ಕೊಳಕು ಮಾಡಿರುತ್ತಾರೆ. ಕೆಲವು ಕೋಡ್‌ಗಳ ಕೊನೆಯಲ್ಲಿ ಕಣ್ಣಿಗೆ ಕಾಣದ ಸ್ಪೇಸ್ ಇರುತ್ತದೆ. ಅದನ್ನು ಅಳಿಸುವ ಟ್ರಿಮ್ ಫಂಕ್ಷನ್ ಹಾಕದಿದ್ದರೆ ಎಕ್ಸೆಲ್‌ಗೆ ಅದು ಬೇರೆಯೇ ವ್ಯಕ್ತಿ. ವಿಲುಕಪ್ ಬಳಸಿ ನಾಲ್ಕನೇ ಭಾಗವನ್ನು ಬರೆಯದೆ ಬಿಟ್ಟರೆ ಅದು ಅಂದಾಜು ಹೊಂದಾಣಿಕೆ ಮಾಡುತ್ತದೆ. ಕೋಡ್‌ಗಳು ಅನುಕ್ರಮದಲ್ಲಿ ಇಲ್ಲದಿದ್ದರೆ ಯಾವುದೋ ಹೆಸರು ತಂದು ನಿಲ್ಲಿಸುತ್ತದೆ, ಎರರ್ ಕೂಡ ತೋರಿಸುವುದಿಲ್ಲ. ವಿಲುಕಪ್‌ನ ಹೊಸ ರೂಪವಾದ ಎಕ್ಸ್‌ಲುಕಪ್‌ನಲ್ಲಿ ಈ ತೊಂದರೆ ಇಲ್ಲ, ಅದು ತಾನಾಗಿಯೇ ಸರಿಸಮ ಹೊಂದಾಣಿಕೆ ಹುಡುಕುತ್ತದೆ. ಆದರೆ ಅದು ಎಕ್ಸೆಲ್ 2019ರಲ್ಲಿ ಇಲ್ಲ, 2021ರಲ್ಲಿ ಇದೆ. ಸ್ಪರ್ಧೆಯ ಕಂಪ್ಯೂಟರಿನಲ್ಲಿ ಯಾವ ಆವೃತ್ತಿ ಅಂತ ಮೊದಲೇ ಕೇಳಿಕೊಳ್ಳಿ.

ದಿನಾಂಕ ಇನ್ನೂ ಮೋಸದ್ದು. ದಿನ-ತಿಂಗಳು-ವರ್ಷ ಕ್ರಮದಲ್ಲಿ ಬರೆದ ಡೇಟಾ, ತಿಂಗಳು-ದಿನ-ವರ್ಷ ಅಂತ ಸೆಟ್ ಆದ ಕಂಪ್ಯೂಟರಿನಲ್ಲಿ ತೆರೆದುಕೊಂಡಿತು ಅಂದುಕೊಳ್ಳಿ. 03/04 ಅನ್ನುವುದು ಏಪ್ರಿಲ್ 3 ಆಗಬೇಕಿತ್ತು, ಮಾರ್ಚ್ 4 ಆಗಿಬಿಡುತ್ತದೆ. 17/04 ಬಂದಾಗ ಹದಿನೇಳನೇ ತಿಂಗಳು ಇಲ್ಲದ್ದರಿಂದ ಎಕ್ಸೆಲ್ ಅದನ್ನು ಬರೀ ಪಠ್ಯ ಅಂತ ಬಿಟ್ಟುಬಿಡುತ್ತದೆ. ಹಾಗಾಗಿ ತಪ್ಪು ಆದದ್ದು ದಿನಾಂಕದ ಹಾಗೆ ಕಾಣುತ್ತದೆ, ಸರಿ ಇದ್ದದ್ದು ಲೆಕ್ಕಕ್ಕೇ ಸಿಗುವುದಿಲ್ಲ. ಪತ್ತೆ ಹಚ್ಚುವುದು ಸುಲಭ. ಫೈಲು ತೆರೆದ ಕೂಡಲೇ ದಿನಾಂಕದ ಕಾಲಂ ಅಗಲ ಮಾಡಿ ನೋಡಿ. ಕೆಲವು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಕಾಲಂ ಕೆಟ್ಟಿದೆ. ಎಡದವು ಪಠ್ಯ. ಆಗ ಆ ಕಾಲಂ ರಿಪೇರಿಗೆ ಕೂರಬೇಡಿ. ಡೇಟಾವನ್ನು ಮತ್ತೆ ಆಮದು ಮಾಡಿ, ಆಮದು ಮಾಡುವಾಗಲೇ ಕ್ರಮ ಹೇಳಿ. ಎಕ್ಸೆಲ್‌ನ ಈ ದಿನಾಂಕದ ಚಾಳಿ ಎಂಥದ್ದು ಅಂದರೆ, ಮನುಷ್ಯನ ಕೆಲವು ಜೀನ್‌ಗಳ ಹೆಸರನ್ನೇ ಅದಕ್ಕಾಗಿ ಬದಲಾಯಿಸಬೇಕಾಯಿತು. ಮಾರ್ಚ್1, ಸೆಪ್ಟ್1 ಅಂತ ಹೆಸರಿದ್ದವನ್ನು ಎಕ್ಸೆಲ್ ದಿನಾಂಕ ಮಾಡಿಬಿಡುತ್ತಿತ್ತು. 2020ರಲ್ಲಿ ಹೆಸರಿಡುವ ಸಮಿತಿಯೇ ಸೋತು, ಹೊಸ ನಿಯಮದ ಪ್ರಕಾರ ಮಾರ್ಚ್‌ಎಫ್1, ಸೆಪ್ಟಿನ್1 ಅಂತ ಕರೆಯಿತು.

ಡೇಟಾ ತಂದ ಮೇಲೆ ಸಾಲುಗಳನ್ನು ಎಣಿಸಿ. ಮೂಲದಲ್ಲಿ ಎಷ್ಟಿದ್ದವು, ಇಲ್ಲಿ ಎಷ್ಟು ಬಂದವು? 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನಲ್ಲಿ 15,841 ಕೊರೊನಾ ಪ್ರಕರಣಗಳು ವರದಿಯಿಂದ ಬಿಟ್ಟುಹೋದವು. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಫೈಲಿನಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಸುವುದಿಲ್ಲ, ಉಳಿದದ್ದು ಸದ್ದಿಲ್ಲದೆ ಉದುರಿಹೋಯಿತು. ಈಗಿನ ಮಾದರಿಯಲ್ಲಿ 10,48,576 ಸಾಲು ಹಿಡಿಸುತ್ತವೆ. ಸ್ಪರ್ಧೆಯಲ್ಲಿ ಅಷ್ಟು ಡೇಟಾ ಬರುವುದಿಲ್ಲ. ಆದರೆ ಫಾರ್ಮುಲಾದ ವ್ಯಾಪ್ತಿ ಕೊನೆಯ ಕೆಲವು ಸಾಲುಗಳನ್ನು ಬಿಟ್ಟಿರುವುದು ದಿನವೂ ನಡೆಯುವ ಮಾತು. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಸರ್ಕಾರಿ ಸಾಲದ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧದಲ್ಲೂ ಹೀಗೇ ಆಗಿತ್ತು. ಸರಾಸರಿ ತೆಗೆಯುವ ಫಾರ್ಮುಲಾ ಐದು ದೇಶಗಳ ಸಾಲುಗಳನ್ನು ಬಿಟ್ಟಿತ್ತು. ಆ ಪ್ರಬಂಧದಲ್ಲಿ ಇದ್ದ ದೋಷ ಅದೊಂದೇ ಅಲ್ಲ, ಅದೇ ದೊಡ್ಡದೂ ಅಲ್ಲ. ಆದರೆ 2013ರಲ್ಲಿ ಅದನ್ನು ಹಿಡಿದವರು ಯಾರು ಗೊತ್ತೇ? ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ, ತರಗತಿಯ ಕೆಲಸಕ್ಕಾಗಿ ಆ ಲೆಕ್ಕವನ್ನು ಮತ್ತೆ ಮಾಡಿ ನೋಡಲು ಕೂತಾಗ. ಡೇಟಾವನ್ನು ಕಂಟ್ರೋಲ್-ಟಿ ಒತ್ತಿ ಟೇಬಲ್ ಮಾಡಿಕೊಂಡರೆ ವ್ಯಾಪ್ತಿಯ ಚಿಂತೆ ಬಹುಪಾಲು ತಪ್ಪುತ್ತದೆ. ಕೆಳಗೆ ಹೊಸ ಸಾಲು ಸೇರಿಸಿದರೆ ಫಾರ್ಮುಲಾ ತಾನೇ ಹಿಗ್ಗುತ್ತದೆ.

ಅಂಕೆಗಳನ್ನು ಸುತ್ತುವ ವಿಷಯದಲ್ಲೂ ತುಂಬ ಜನ ಜಾರುತ್ತಾರೆ. ಮೂರು ಸೆಲ್‌ಗಳಲ್ಲಿ 2.4 ಇದೆ, ದಶಾಂಶ ಕಾಣದ ಹಾಗೆ ಫಾರ್ಮ್ಯಾಟ್ ಮಾಡಿದ್ದೀರಿ. ಪರದೆಯ ಮೇಲೆ 2, 2, 2, ಒಟ್ಟು 7! ಓದಿದವರು ನಿಮ್ಮ ಕೂಡಿಸುವ ಲೆಕ್ಕದ ಮೇಲೇ ಅನುಮಾನ ಪಡುತ್ತಾರೆ. ಫಾರ್ಮ್ಯಾಟ್ ಬದಲಾಯಿಸಿದರೆ ಕಾಣುವುದು ಮಾತ್ರ ಬದಲಾಗುತ್ತದೆ, ಬೆಲೆ ಹಾಗೇ ಇರುತ್ತದೆ. ಪ್ರಶ್ನೆಯಲ್ಲಿ "ಪೂರ್ಣಾಂಕಕ್ಕೆ ಸುತ್ತಿ" ಅಂದಿದ್ದರೆ ರೌಂಡ್ ಬೇಕು, "ದಶಾಂಶವಿಲ್ಲದೆ ತೋರಿಸಿ" ಅಂದಿದ್ದರೆ ಫಾರ್ಮ್ಯಾಟ್ ಸಾಕು. ಈ ಎರಡು ಮಾತಿನ ನಡುವಿನ ವ್ಯತ್ಯಾಸ ಗೊತ್ತಿದೆಯೇ ಅಂತ ನೋಡಲಿಕ್ಕೇ ಪ್ರಶ್ನೆ ಹಾಕಿರುತ್ತಾರೆ.

ವರ್ಡ್‌ಗೆ ಬಂದರೆ ನಾನು ಮೊದಲು ಒತ್ತುವುದು ಕಂಟ್ರೋಲ್-ಶಿಫ್ಟ್-8. ಅಡಗಿದ ಚಿಹ್ನೆಗಳೆಲ್ಲ ಹೊರಗೆ ಬರುತ್ತವೆ. ಹೊಸ ಪುಟಕ್ಕೆ ಹೋಗಲು ಎಂಟರ್ ಕೀಯನ್ನು ಕುಟ್ಟಿದವರು, ಸ್ಪೇಸ್ ಬಾರ್ ಒತ್ತಿ ಒತ್ತಿ ಕಾಲಂ ಹೊಂದಿಸಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಆಮೇಲೆ ವರದಿಯ ನಡುವೆ ಒಂದು ಪ್ಯಾರಾ ಸೇರಿಸಿ, ಎಲ್ಲ ಆಯ್ದು ಎಫ್9 ಒತ್ತುತ್ತೇನೆ. ಪರಿವಿಡಿಯ ಪುಟಸಂಖ್ಯೆ, ಚಿತ್ರಗಳ ಕ್ರಮಸಂಖ್ಯೆ ಹೊಸದಾಗಬೇಕು. ತಲೆಬರಹಗಳಿಗೆ ಸ್ಟೈಲ್ ಹಾಕಿದವರ ಫೈಲಿನಲ್ಲಿ ಆಗುತ್ತದೆ. ಬರೀ ಅಕ್ಷರ ದಪ್ಪ ಮಾಡಿ, ದೊಡ್ಡದು ಮಾಡಿ ಬಿಟ್ಟವರದರಲ್ಲಿ ಆಗುವುದಿಲ್ಲ. ಒಂದು ಅಗಲದ ಪಟ್ಟಿಗಾಗಿ ಒಂದೇ ಪುಟವನ್ನು ಅಡ್ಡ ಮಾಡಿ ಅಂದಾಗ, ಫೈಲನ್ನು ಬೇರೆ ಬೇರೆ ಭಾಗ ಮಾಡುವ ಸೆಕ್ಷನ್ ಬ್ರೇಕ್ ಬೇಕು. ಅದರ ಜೊತೆಗೆ ಮುಂದಿನ ಭಾಗದ ಹೆಡರ್ ಹಿಂದಿನದಕ್ಕೆ ಕಟ್ಟಿಕೊಂಡಿರುವುದನ್ನು ಬಿಚ್ಚಬೇಕು. ಈ ಎರಡನೇ ಹೆಜ್ಜೆ ಮರೆತವರೇ ಜಾಸ್ತಿ.

ಮೇಲ್ ಮರ್ಜ್‌ನಲ್ಲಿ, ಅಂದರೆ ಎಕ್ಸೆಲ್ ಪಟ್ಟಿಯಿಂದ ಒಬ್ಬೊಬ್ಬರ ಹೆಸರು, ಮೊತ್ತ ತುಂಬಿ ಒಂದೇ ಪತ್ರವನ್ನು ಎಲ್ಲರಿಗೂ ತಯಾರಿಸುವಲ್ಲಿ, ಒಂದು ಹಳೆಯ ಕಾಟ ಇದೆ, ಅದನ್ನು ತಿಳಿದಿರಿ. ಎಕ್ಸೆಲ್‌ನಲ್ಲಿ 12.50 ಅಂತ ಕಂಡ ಮೊತ್ತ ಪತ್ರದಲ್ಲಿ 12.5 ಅಂತಲೋ, ಬಾಲ ಬೆಳೆದ ಉದ್ದನೆಯ ದಶಾಂಶವಾಗಿಯೋ ಬರುತ್ತದೆ. ಎಕ್ಸೆಲ್‌ನ ಫಾರ್ಮ್ಯಾಟ್ ಪತ್ರಕ್ಕೆ ದಾಟುವುದಿಲ್ಲ. ಪತ್ರದ ಫೀಲ್ಡ್ ಕೋಡ್‌ನಲ್ಲೇ ಸಂಖ್ಯೆ ಹೇಗಿರಬೇಕು ಅಂತ ಬರೆಯಬೇಕು. ಆಲ್ಟ್-ಎಫ್9 ಒತ್ತಿದರೆ ಆ ಕೋಡ್‌ಗಳು ಕಾಣುತ್ತವೆ. ಇನ್ನೊಂದು, ಪತ್ರ ಯಾರಿಗೆ ಅನ್ನುವುದು. "30 ದಿನಕ್ಕಿಂತ ಹೆಚ್ಚು ಬಾಕಿ ಇರುವ ಗ್ರಾಹಕರಿಗೆ" ಅಂತ ಇದ್ದರೆ ಪಟ್ಟಿಯಲ್ಲಿರುವ ಎಲ್ಲರಿಗೂ ಪತ್ರ ಹೋಗಕೂಡದು. ಸರಿಯಾಗಿ 30 ದಿನ ಆದವರಿಗೂ ಹೋಗಕೂಡದು. ಬಾಕಿ ಇಲ್ಲದ ಗ್ರಾಹಕರಿಗೆ ತಗಾದೆ ಪತ್ರ ಕಳಿಸಿದವರನ್ನು ಯಾವ ಕಚೇರಿ ತಾನೇ ಇಟ್ಟುಕೊಳ್ಳುತ್ತದೆ?

ಪತ್ರಗಳ ವಿಭಾಗದಲ್ಲಿ ಅಂಕ ಕಳೆಯುವ ರೀತಿಯೂ ಕಠಿಣ. ಒಂದೊಂದು ತಪ್ಪಿಗೆ ಒಂದೊಂದು ಅಂಕ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ಹಲವು ಕಡೆ ಮೊದಲ ತಪ್ಪಿಗೆ ಸ್ವಲ್ಪ, ಎರಡನೆಯದಕ್ಕೆ ಜಾಸ್ತಿ, ಕೆಲವೇ ತಪ್ಪು ಆದರೆ ಇಡೀ ಪತ್ರಕ್ಕೇ ಸೊನ್ನೆ. ಹೊರಗೆ ಹೋಗುವ ಪತ್ರದಲ್ಲಿ ಹೆಸರು ತಪ್ಪಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೇನು, ಅದನ್ನು ಕಳಿಸಲು ಬರುವುದಿಲ್ಲ. ಹಾಗಾಗಿ ಹೆಸರು, ವಿಳಾಸ, ದಿನಾಂಕ, ಮೊತ್ತ ನಾಲ್ಕನ್ನೂ ಮೂಲದ ಜೊತೆ ಬೆರಳಿಟ್ಟು ಹೋಲಿಸಿ. ಸ್ಪೆಲ್ ಚೆಕ್ ಇವುಗಳನ್ನು ಹಿಡಿಯುವುದಿಲ್ಲ.

ಪವರ್‌ಪಾಯಿಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲೋಗೊ, ಬಣ್ಣ, ಅಕ್ಷರದ ಗಾತ್ರ ಎಲ್ಲ ಸ್ಲೈಡ್‌ಗಳ ಮೂಲ ಅಚ್ಚಾದ ಸ್ಲೈಡ್ ಮಾಸ್ಟರ್‌ನಲ್ಲಿರಲಿ. ಚಾರ್ಟನ್ನು ಚಿತ್ರವಾಗಿ ಅಂಟಿಸಬೇಡಿ. ಎಕ್ಸೆಲ್‌ಗೆ ಲಿಂಕ್ ಮಾಡಿ ಅಂದಿದ್ದರೆ ಲಿಂಕೇ ಮಾಡಿ. ಅಕ್ಷರ ಹಾರಿಸಬೇಡಿ.

ತಯಾರಿ ಹೇಗೆ ಅಂತ ಕೇಳಿದ್ದೀರಿ. ಹೊಸ ಫಂಕ್ಷನ್ ಕಲಿಯುವುದನ್ನು ಸದ್ಯಕ್ಕೆ ನಿಲ್ಲಿಸಿ. ನಿಮಗೆ ಗೊತ್ತಿರುವುದು ಸಾಕು. ಒಂದು ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಳ್ಳಿ, ಗಡಿಯಾರ ಇಟ್ಟು ಮಾಡಿ. ಮೊದಲ ಐದು ನಿಮಿಷ ಮೌಸ್ ಮುಟ್ಟಬೇಡಿ. ಪೆನ್ನು ಹಿಡಿದು ಓದಿ, ಏನು ಮಾಡಬೇಕು ಅನ್ನುವ ಪ್ರತಿ ಕ್ರಿಯೆಗೂ ಒಂದೊಂದು ಸಂಖ್ಯೆ ಬರೆಯಿರಿ. ಒಂದು ಸಾಲಿನಲ್ಲಿ ಮೂರು ಕೆಲಸ ಅಡಗಿರುತ್ತವೆ: "ತಿಂಗಳುವಾರು ಮೊತ್ತವನ್ನು ಇಳಿಕೆ ಕ್ರಮದಲ್ಲಿ ತೋರಿಸಿ, ಶೀಟಿಗೆ ವರದಿ ಎಂದು ಹೆಸರಿಡಿ." ಕೂಡಿಸುವುದು, ಕ್ರಮ, ಹೆಸರು. ಮಾಡಿದ ಹಾಗೆಲ್ಲ ಸಂಖ್ಯೆ ಹೊಡೆದುಹಾಕಿ. ಕೊನೆಯ ಹತ್ತು ನಿಮಿಷ ಹೊಸ ಕೆಲಸ ಶುರು ಮಾಡಬೇಡಿ, ಮಾಡಿದ್ದನ್ನು ನೋಡಿ. ಒಂದು ಪ್ರಶ್ನೆ ಬಿಟ್ಟರೂ ಪರವಾಗಿಲ್ಲ. ಅರೆಬರೆ ಮಾಡಿದ ಐದಕ್ಕಿಂತ ಸರಿಯಾಗಿ ಮಾಡಿದ ನಾಲ್ಕಕ್ಕೆ ಅಂಕ ಜಾಸ್ತಿ ಬರುತ್ತದೆ.

ಮುಗಿದ ಮೇಲೆ ಪ್ರತಿ ತಪ್ಪನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಪಕ್ಕದಲ್ಲಿ ಕಾರಣ ಹಾಕಿ: ಓದಿದ್ದು ತಪ್ಪು, ಗೊತ್ತಿರಲಿಲ್ಲ, ಬೆರಳು ತಪ್ಪಿತು, ತಿರುಗಿ ನೋಡಲಿಲ್ಲ. ಇಷ್ಟರಲ್ಲೇ ಎಲ್ಲ ಬರುತ್ತದೆ. ಸ್ವಲ್ಪ ದಿನದಲ್ಲಿ ನಿಮ್ಮ ಚಾಳಿ ಯಾವುದು ಅಂತ ಆ ಪುಟಗಳೇ ಹೇಳುತ್ತವೆ. 'ಗೊತ್ತಿರಲಿಲ್ಲ' ಅನ್ನುವುದೇ ಹೆಚ್ಚಿದ್ದರೆ ಮಾತ್ರ ಹೊಸದು ಕಲಿಯಲು ಕೂರಿ.

ಅಭ್ಯಾಸಕ್ಕೆ ಆ ಗೆಳತಿಯನ್ನೇ ಜೊತೆ ಮಾಡಿಕೊಳ್ಳಿ. ನಿಮ್ಮ ಫೈಲು ಅವರಿಗೆ, ಅವರದು ನಿಮಗೆ. ಕೆಲಸ ಏನೆಂದರೆ ಮುರಿಯುವುದು. ಒಂದು ದರ ಬದಲಾಯಿಸಿ, ಕೆಳಗೆ ಹತ್ತು ಸಾಲು ಸೇರಿಸಿ, ಒಂದು ಕೋಡ್ ಅಳಿಸಿ, ಮೊತ್ತದ ಜಾಗದಲ್ಲಿ ಸೊನ್ನೆ ಹಾಕಿ. ಎಲ್ಲಿ ಎರರ್ ಬರುತ್ತದೆ ನೋಡಿ. ಬೇರೆಯವರು ಮಾಡಿದ ಫೈಲನ್ನು ಓದಿ ಅರ್ಥ ಮಾಡಿಕೊಳ್ಳುವುದು ಎಷ್ಟು ಕಷ್ಟ ಅಂತ ಒಮ್ಮೆ ಅನುಭವಿಸಿದರೆ, ನಿಮ್ಮದನ್ನು ಅಚ್ಚುಕಟ್ಟಾಗಿ ಇಡಲು ಯಾರೂ ಹೇಳಿಕೊಡಬೇಕಾಗಿಲ್ಲ.

ವೇಗದ ಬಗ್ಗೆ: ಕೀಬೋರ್ಡ್ ಶಾರ್ಟ್‌ಕಟ್ ನೂರು ಬಾಯಿಪಾಠ ಮಾಡುವುದು ಬೇಡ. ಕಂಟ್ರೋಲ್-ಶಿಫ್ಟ್ ಜೊತೆ ಬಾಣದ ಕೀ, ಡಾಲರ್ ಚಿಹ್ನೆ ಹಾಕಲು ಎಫ್4, ಸೆಲ್ ತಿದ್ದಲು ಎಫ್2, ಫಾರ್ಮ್ಯಾಟ್‌ಗೆ ಕಂಟ್ರೋಲ್-1, ಆಯ್ದ ಎಲ್ಲ ಸೆಲ್‌ಗೂ ಒಟ್ಟಿಗೆ ತುಂಬಲು ಕಂಟ್ರೋಲ್-ಎಂಟರ್, ಬೆಲೆ ಮಾತ್ರ ಅಂಟಿಸಲು ಕಂಟ್ರೋಲ್-ಆಲ್ಟ್-ವಿ ಒತ್ತಿ, ಆಮೇಲೆ ವಿ, ಎಂಟರ್. ಇಷ್ಟು ಬೆರಳಿಗೆ ಬಂದರೆ ಸಾಕು. ನಿಜವಾದ ವೇಗ ಬರುವುದು ಮಾಡಿದ್ದನ್ನು ಅಳಿಸಿ ಮತ್ತೆ ಮಾಡುವ ಪ್ರಸಂಗ ಕಮ್ಮಿಯಾದಾಗ.

ಸ್ಪರ್ಧೆಯ ದಿನ ಕಂಪ್ಯೂಟರ್ ಮುಂದೆ ಕೂತ ಕೂಡಲೇ ಮೂರು ವಿಷಯ ನೋಡಿ. ದಿನಾಂಕದ ಕ್ರಮ ಯಾವುದು? ಫಾರ್ಮುಲಾದಲ್ಲಿ ಭಾಗಗಳ ನಡುವೆ ಕಾಮಾ ಹಾಕಬೇಕೋ ಸೆಮಿಕೋಲನ್ನೋ? ಅದು ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಮೇಲೆ ಬದಲಾಗುತ್ತದೆ. ಫೈಲು ತಾನಾಗಿ ಎಲ್ಲಿ ಸೇವ್ ಆಗುತ್ತಿದೆ? ಒಳ್ಳೆಯ ಕೆಲಸ ಮಾಡಿ ತಪ್ಪು ಫೋಲ್ಡರಿನಲ್ಲಿ ಬಿಟ್ಟುಬಂದವರನ್ನು ನೋಡಿ ಹೊಟ್ಟೆ ಉರಿದಿದೆ. ಇನ್ನು, ಮನುಷ್ಯರು ಅಂಕ ಹಾಕುವ ಸ್ಪರ್ಧೆಗಳಲ್ಲಿ ನಿಮ್ಮ ಹೆಸರು, ಕಾಲೇಜಿನ ಹೆಸರು ಫೈಲಿನಲ್ಲಿ ಎಲ್ಲೂ ಇರಬಾರದು, ಸ್ಪರ್ಧಿಯ ಸಂಖ್ಯೆ ಮಾತ್ರ ಇರಬೇಕು ಅನ್ನುವ ನಿಯಮ ಸಾಮಾನ್ಯ. ಆ ಸಂಖ್ಯೆ ಎಲ್ಲಿ ಬರೆಯಬೇಕು ಅಂತ ಹೇಳಿರುತ್ತಾರೆ. ಹೇಳಿದ ಜಾಗದಲ್ಲೇ ಬರೆಯಿರಿ.

ಕೊನೆಗೆ ಎಐ ವಿಷಯ. ಹೌದು, ಫಾರ್ಮುಲಾ ಬರೆದುಕೊಡುತ್ತದೆ, ಪತ್ರವನ್ನೂ ಬರೆದುಕೊಡುತ್ತದೆ. ಮನೆಯಲ್ಲಿ ಕಲಿಯುವಾಗ ಧಾರಾಳವಾಗಿ ಬಳಸಿ. ಸ್ಪರ್ಧೆಯ ನಿಯಮದಲ್ಲಿ ಅದಕ್ಕೆ ಅವಕಾಶ ಇಲ್ಲದಿದ್ದರೆ ಕೊನೆಯ ಕೆಲವು ವಾರ ಅದನ್ನು ಮುಟ್ಟದೆ ಅಭ್ಯಾಸ ಮಾಡಿ. ಆದರೆ ಮೇಲಿನ ಕಮಿಷನ್ ಪ್ರಶ್ನೆಯನ್ನೇ ನೋಡಿ. ಸರಿಯಾಗಿ 1,00,000 ಮಾರಿದವರಿಗೆ 3,000 ಬಂದಿದೆಯೇ ಅಂತ ಪರೀಕ್ಷಿಸಲು ಹೊಳೆಯಬೇಕಾದದ್ದು ನಿಮಗೆ. ಯಾರು ಬರೆದ ಫಾರ್ಮುಲಾ ಆದರೂ ಸಹಿ ಹಾಕುವವರು ನೀವೇ ತಾನೇ? ಕೆಲಸಕ್ಕೆ ತೆಗೆದುಕೊಳ್ಳುವವರು ಬರೀ ಪದಕ ನೋಡಿ ಮರುಳಾಗುವುದು ಕಮ್ಮಿ, ಅದನ್ನು ನೆಚ್ಚಿಕೊಂಡು ಕೂರಬೇಡಿ. ಅಭ್ಯಾಸದಲ್ಲಿ ಮಾಡಿದ ಒಂದೆರಡು ಒಳ್ಳೆಯ ಫೈಲುಗಳನ್ನು ಜೋಪಾನವಾಗಿಡಿ. ಸಂದರ್ಶನದಲ್ಲಿ ಅದನ್ನು ತೆರೆದು, "ಈ ದರ ಬದಲಾಯಿಸಿ ನೋಡಿ, ಸರ್" ಅಂತ ಅವರ ಮುಂದಿಡಿ.

ಮುಂದಿನ ಸ್ಪರ್ಧೆಗೆ ಹೆಸರು ಕೊಡುವ ಮೊದಲು ಹೋದ ಸಲದ ಸಂಘಟಕರಿಗೆ ಒಂದು ಮೇಲ್ ಹಾಕಿ, ನಿಮ್ಮ ಅಂಕಗಳ ವಿವರ ಕೇಳಿ. ಒಟ್ಟು ಅಂಕ ಬೇಡ, ಯಾವ ಸಾಲಿನಲ್ಲಿ ಎಷ್ಟು ಹೋಯಿತು ಅನ್ನುವ ಹಾಳೆ. ಕೇಳಿದವರಿಗೆ ಸಾಮಾನ್ಯವಾಗಿ ಕೊಡುತ್ತಾರೆ, ಕೇಳುವವರೇ ಕಮ್ಮಿ. ಅದು ಕೈಗೆ ಬಂದರೆ ನಿಮ್ಮ ನೋಟ್‌ಬುಕ್ಕಿನ ಮೊದಲ ಪುಟ ತುಂಬುತ್ತದೆ.